ಉಂಡ ಮೇಲೆ ಬರುವ ಕೆಮ್ಮು

ಮುದ್ದೆ ನುಂಗುವಾಗಲೇ ಕೆಮ್ಮು ಬಂದರೆ ಒಂದು ಅರ್ಥ, ಕೈ ತೊಳೆದ ಅರ್ಧ ಗಂಟೆಗೆ ಬಂದರೆ ಇನ್ನೊಂದು. ಮೊದಲನೆಯದರಲ್ಲಿ ತುತ್ತು ಶ್ವಾಸನಾಳದ ಕಡೆ ಜಾರುತ್ತಿರಬಹುದು. ಲಕ್ವ ಹೊಡೆದವರಲ್ಲಿ ಇದು ಹೆಚ್ಚು. ನೀರು ಕುಡಿದರೂ ಪ್ರತಿ ಸಲ ಕೆಮ್ಮು ಬರುತ್ತಿದ್ದರೆ ದಯವಿಟ್ಟು ಕಾಯಬೇಡಿ, ನ್ಯುಮೋನಿಯಾಕ್ಕೆ ದಾರಿ ಅದು.

ಎರಡನೆಯದಕ್ಕೆ ಸಾಮಾನ್ಯ ಕಾರಣ ಆಮ್ಲ. ಅನ್ನನಾಳದ ಕೆಳತುದಿಯ ಸ್ನಾಯು ಸಡಿಲಗೊಂಡು ಜಠರದ ಹುಳಿ ಮೇಲೇರುತ್ತದೆ. ಗಂಟಲಿನವರೆಗೆ ಬರಲೇಬೇಕೆಂದಿಲ್ಲ, ಅನ್ನನಾಳದ ನರ ಕೆರಳಿದರೂ ಕೆಮ್ಮು ಶುರು. ಆದ್ದರಿಂದ ಎದೆಯುರಿ ಇಲ್ಲದವರಿಗೂ ಇದು ಇರಬಹುದು. ಬೆಳಗ್ಗೆ ದನಿ ಒಡೆದಿರುವುದು ಒಂದು ಸುಳಿವು.

ಚಿಕ್ಕಮಗಳೂರಿನ ಚಳಿಯಲ್ಲಿ ರಾತ್ರಿ ಹೊಟ್ಟೆ ತುಂಬ ಕಡುಬು, ಕೋಳಿಸಾರು, ಮೇಲೊಂದು ಲೋಟ ಕಾಫಿ, ಕೂಡಲೇ ಕಂಬಳಿ. ಕೆಮ್ಮನ್ನು ಸಾಕುವುದು ಈ ಕ್ರಮವೇ. ಊಟಕ್ಕೂ ಹಾಸಿಗೆಗೂ 3 ಗಂಟೆ ಅಂತರ ಬೇಕು. ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಚಿ ಒತ್ತಡ ಹೆಚ್ಚೀತು. ಬದಲಿಗೆ ಮಂಚದ ತಲೆಕಡೆಯ ಕಾಲುಗಳಡಿ 15–20 ಸೆಂ.ಮೀ. ಎತ್ತರದ ಗಟ್ಟಿ ಮರದ ತುಂಡು ಕೊಡಿ. ಎಡಮಗ್ಗುಲಾಗಿ ಮಲಗಿ. ಕಾಫಿ ಎಲ್ಲರಿಗೂ ಕೆಡುಕಲ್ಲ, 2 ವಾರ ಬಿಟ್ಟು ನೋಡಿದರೆ ತಿಳಿಯುತ್ತದೆ.

ವೈದ್ಯರು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಮಾತ್ರೆ ಬರೆದರೆ ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಿ. ಉಂಡ ಮೇಲೆ ತಗೊಂಡರೆ ಗುಣ ಕಡಿಮೆ. ಎದೆಯುರಿ ಬೇಗ ಇಳಿದರೂ ಕೆಮ್ಮಿಗೆ 2–3 ತಿಂಗಳು ಹಿಡಿಯಬಹುದು. ಬಿಪಿಗೆ ಎನಲಾಪ್ರಿಲ್, ರಾಮಿಪ್ರಿಲ್ ನುಂಗುವವರು ಅದನ್ನೂ ಹೇಳಿ, ಕೆಲವರಿಗೆ ಅವು ತಾವೇ ಒಣಕೆಮ್ಮು ತರುತ್ತವೆ.

ತುತ್ತು ಎದೆಯಲ್ಲಿ ಸಿಕ್ಕಿಕೊಂಡರೆ, ತೂಕ ಇಳಿದರೆ, ಮಲ ಕಪ್ಪಾದರೆ ಮನೆಮದ್ದು ಬೇಡ, ತಕ್ಷಣ ವೈದ್ಯರಿಗೆ ತೋರಿಸಿ.