ಕಿಟಕಿ ಕಡೆಯ ಕೈ

ಮೊಂತಿ ಫೆಸ್ತ್, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬ, ಕಳೆದು ವಾರ ಆಯ್ತು. ಆ ಮಗುವಿನ ಮುಖ ಮಾತ್ರ ಇನ್ನೂ ಕಣ್ಣ ಮುಂದಿನಿಂದ ಹೋಗಿಲ್ಲ.

ಮಂಗಳೂರಿನ ಒಂದು ಶಾಲೆಯಲ್ಲಿ ನಾನು ಒಂದನೇ ಕ್ಲಾಸಿನ ಟೀಚರ್. ಉಳಿದವರು ಮೋರಲ್ ಸೈನ್ಸಿಗೆ ಹೋದರೆ ಕ್ಯಾಟೆಕಿಸಂ (ಕ್ರೈಸ್ತ ಧರ್ಮಪಾಠ) ಮಕ್ಕಳು ನನ್ನ ಹತ್ತಿರ ಬರುತ್ತಾರೆ. ಈ ವರ್ಷ ಎರಡು ಸೆಕ್ಷನ್ ಒಟ್ಟು ಮಾಡಿ 38 ಮಕ್ಕಳನ್ನು ಕೊಟ್ಟಿದ್ದಾರೆ. ಜೂನಿನಿಂದ ಶಿಲುಬೆಯ ಗುರುತು ಕಲಿಸಿದೆ. ಬಲಗೈ ಹಣೆಗೆ, ಎದೆಗೆ, ಎಡ ಭುಜಕ್ಕೆ, ಬಲ ಭುಜಕ್ಕೆ. ಎದುರು ನಿಂತು ‘ಈ ಕೈ’ ಅಂತ ತೋರಿಸಿದೆ. ಮಕ್ಕಳ ಕೈ ನನ್ನ ಕೈ ಜೊತೆಗೇ ಚಂದವಾಗಿ ಹೋಗುತ್ತಿತ್ತು, ನನಗೆ ಖುಷಿ.

ಹಬ್ಬಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆ ನೊವೆನಾ, ಅದರಲ್ಲಿ ಒಂದು ದಿನ ಚರ್ಚಿನಲ್ಲಿ ನಮ್ಮ ಶಾಲೆ ಮಕ್ಕಳ ಪೂಜೆ. ಹೂವಿನ ಬುಟ್ಟಿ ಕಾಲ ಬುಡದಲ್ಲಿಟ್ಟು ನಿಂತಿದ್ದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಫಾದರ್ ಶಿಲುಬೆಯ ಗುರುತಿನಿಂದ ಶುರು ಮಾಡಿದರು. ನೋಡಿದರೆ ಹತ್ತು ಹನ್ನೆರಡು ಎಡಗೈಗಳು ಮೇಲೆ! ನನ್ನ ಮೈಯೆಲ್ಲ ಬಿಸಿಯಾಯ್ತು. ಎದುರಿಗಿದ್ದ ಹುಡುಗಿಯ ಕೈ ಎಳೆದು ಕೆಳಗಿಳಿಸಿ, ‘ಎಷ್ಟು ಸಲ ಹೇಳಬೇಕು?’ ಅಂದೆ. ಸ್ವರ ಜಾಸ್ತಿಯೇ ಆಯ್ತು. ಆಚೀಚೆ ಇದ್ದವರೆಲ್ಲ ತಿರುಗಿದರು. ಅವಳ ತುಟಿ ನಡುಗಿತು. ‘ಟೀಚರ್, ನೀವು ಕಿಟಕಿ ಕಡೆಯ ಕೈ ಎತ್ತಿದ್ದು ಅಲ್ವಾ?’

ಹೌದು. ಕಿಟಕಿ ನನ್ನ ಬಲಕ್ಕೆ, ಅವರ ಎಡಕ್ಕೆ. ಆರು ವರ್ಷದ ಮಗು ನಾನು ತೋರಿಸಿದ್ದನ್ನು ತಪ್ಪಿಲ್ಲದೆ ಮಾಡಿತ್ತು. ದಿನಾ ಮನೆಯಲ್ಲಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಇರುವ ಮಕ್ಕಳು ಮೊದಲೇ ಕಲಿತಿದ್ದರು, ಅದಕ್ಕೇ ಎಲ್ಲರೂ ಸರಿ ಅಂದುಕೊಂಡಿದ್ದೆ. ನಮಗೆ ಕೊಟ್ಟ ಪುಸ್ತಕದ ಚಿತ್ರವೂ ಎದುರಿನಿಂದಲೇ ಇದೆ, ಅದನ್ನು ನೋಡಿದರೂ ಇದೇ ಕಥೆ.

ಈಗ ಮಕ್ಕಳಿಗೆ ಬೆನ್ನು ಹಾಕಿ ನಿಂತು ತೋರಿಸುತ್ತೇನೆ, ಆಮೇಲೆ ಸಾಲಿನ ಹಿಂದೆ ಹೋಗಿ ನೋಡುತ್ತೇನೆ. ಇನ್ನೊಂದು ಈಗ ಗಮನಕ್ಕೆ ಬಂತು. ಗುರುತು ಮಾಡುತ್ತಾ ‘ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ’ ಅನ್ನುತ್ತೇವಲ್ಲ, ಇಂಗ್ಲಿಷಿನಲ್ಲಿ ‘ಇನ್ ದ ನೇಮ್’ ಮೊದಲು ಬರುತ್ತದೆ, ಕನ್ನಡದಲ್ಲಿ ‘ನಾಮದಲ್ಲಿ’ ಕೊನೆಗೆ, ಮನೆಯ ಕೊಂಕಣಿಯಲ್ಲೂ ಹಾಗೆಯೇ. ‘ಪಿತನ’ ಅನ್ನುವಾಗಲೇ ಕೈ ಹಣೆಯಲ್ಲಿರಬೇಕು. ಬಲ ಭುಜ ಮುಟ್ಟಿದ ಮೇಲೂ ಮಾತು ಉಳಿದಿರುತ್ತದೆ, ಆ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಮಕ್ಕಳು ಸುಮ್ನೆ ಮತ್ತೆ ಎದೆ ಮುಟ್ಟುತ್ತಾರೆ. ‘ನಾಮದಲ್ಲಿ’ ಅನ್ನುವಾಗ ಕೈ ಜೋಡಿಸಿ ಅಂತ ಹೇಳಿಕೊಟ್ಟೆ, ಸರಿಹೋಯ್ತು.

ಎಲ್ಲರ ಎದುರು ಬೈದಿದ್ದೆ. ಸೋಮವಾರ ಅವಳಿಗೆ ಎಲ್ಲರ ಎದುರೇ ಸಾರಿ ಹೇಳಿದೆ. ಸೆಕ್ಷನ್ ಬೇರೆ ಮಾಡಿ ಅಂತ ಎಚ್‌ಎಂಗೆ ಬರೆದುಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ, ನಾಳೆ ಮತ್ತೆ ಹೋಗಿ ಕೇಳುತ್ತೇನೆ.