ಬೇಸ್ ಗಿಟಾರ್‌ನ ಸೌಂಡ್ ಕೆಟ್ಟಿದ್ದು ಮರದಿಂದಲೋ, ವೈರಿನಿಂದಲೋ?

ಶಿವಮೊಗ್ಗದಲ್ಲಿ ನನ್ನದು ಗಿಟಾರ್ ರಿಪೇರಿ ಕೆಲಸ. ಆರ್ಕೆಸ್ಟ್ರಾದವರು, ಚರ್ಚಿನಲ್ಲಿ ನುಡಿಸುವವರು, ಕಾಲೇಜು ಬ್ಯಾಂಡಿನ ಹುಡುಗರು ಬರುತ್ತಾರೆ. ಬೇಸ್ ಗಿಟಾರ್ ತಂದವರಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: "ಇದರ ಮರ ಸರಿ ಇಲ್ಲ ಅನ್ಸುತ್ತೆ ಅಣ್ಣ, ಸೌಂಡೇ ಬರ್ತಾ ಇಲ್ಲ." ಮಲೆನಾಡಿನವರಿಗೆ ಮರದ ಮೇಲೆ ನಂಬಿಕೆ ಜಾಸ್ತಿ. ತೇಗ, ಬೀಟೆ, ಹಲಸು, ಹೊನ್ನೆ ನೋಡಿಕೊಂಡೇ ಬೆಳೆದವರು ನಾವು. ವೀಣೆಗೆ, ಮೃದಂಗಕ್ಕೆ ಹಲಸೇ ಆಗಬೇಕು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ದನಿ ಕೆಟ್ಟಾಗ ಮೊದಲು ಮರದ ಮೇಲೇ ಅನುಮಾನ ಬರುವುದು ಸಹಜ. ಆದರೆ ಎಲೆಕ್ಟ್ರಿಕ್ ಬೇಸ್ ಬೇರೆ ಜಾತಿಯ ವಾದ್ಯ. ಆ್ಯಂಪ್‌ನಲ್ಲಿ ಕೇಳುವ ದನಿಗೆ ಕಾರಣ ಹುಡುಕುವಾಗ ನಾನು ಬಾಡಿಯ ಮರವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಯಾಕೆ ಅನ್ನುವುದಕ್ಕೆ ಒಂದು ಕೆಲಸದ ಕಥೆ ಹೇಳುತ್ತೇನೆ.

ತೀರ್ಥಹಳ್ಳಿ ಕಡೆಯ ಹುಡುಗ, ರಸಮಂಜರಿ ಕಾರ್ಯಕ್ರಮಗಳಲ್ಲಿ ಬೇಸ್ ನುಡಿಸುತ್ತಾನೆ. ಹಳೆಯ ಬೇಸಿನ ಬಾಡಿ ಬಿರುಕು ಬಿಟ್ಟಿತ್ತು. ಊರಿನ ಆಚಾರ್ರ ಹತ್ತಿರ ಒಣಗಿದ ಹಲಸಿನ ಹಲಗೆಯಲ್ಲಿ ಹೊಸ ಬಾಡಿ ಮಾಡಿಸಿದ. ಕೆಲಸ ಬಹಳ ಚೆನ್ನಾಗಿತ್ತು, ನೆಕ್ (ಬೆರಳಿಟ್ಟು ತಂತಿ ಒತ್ತುವ ಉದ್ದನೆಯ ಭಾಗ) ಕೂರುವ ಜಾಗದಲ್ಲಿ ಒಂದು ಕಾಗದ ಹೋಗುವಷ್ಟೂ ಸಂದಿ ಇರಲಿಲ್ಲ. ನೆಕ್ ಹಳೆಯದು. ಜಾಝ್ ಬೇಸ್ ಮಾದರಿಯ ಎರಡು ಪಿಕಪ್ (ತಂತಿಯ ಅಲುಗಾಟವನ್ನು ಹಿಡಿಯುವ ಭಾಗ), ಅದರಲ್ಲಿ ಒಂದು ಹಳೆಯದು, ಇನ್ನೊಂದು ಬೇರೆ ಕಂಪನಿಯದು. ಒಂದೊಂದೇ ಪಿಕಪ್ ಹಾಕಿದರೆ ದನಿ ಚೆನ್ನಾಗಿದೆ. ಎರಡೂ ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಕೆಳದನಿಯೇ ಇಲ್ಲ, ಬರೀ ಟಕಟಕ. "ಹಲಸು ಬೇಡ ಆಗಿತ್ತೇನೋ ಅಣ್ಣ, ಬೀಟೆಯಲ್ಲೇ ಮಾಡಿಸ್ಬೇಕಿತ್ತು" ಅಂದ. "ಮರ ಬಿಡು ಮಾರಾಯ, ಒಂದೊಂದೇ ಹಾಕಿದಾಗ ಇರುವ ಸೌಂಡ್ ಎರಡೂ ಹಾಕಿದಾಗ ಎಲ್ಲಿ ಹೋಗುತ್ತೆ? ಮರ ಅಂತೂ ಅದೇ ಇದೆ ಅಲ್ವಾ?" ಅಂತ ಕೇಳಿದೆ.

ವೀಣೆಯಲ್ಲಿ ತಂತಿ ಮರವನ್ನು ಅಲುಗಿಸುತ್ತದೆ, ಮರ ಗಾಳಿಯನ್ನು ಅಲುಗಿಸುತ್ತದೆ. ನಮ್ಮ ಕಿವಿಗೆ ಬರುವುದು ಮರದ ದನಿಯೇ. ಎಲೆಕ್ಟ್ರಿಕ್ ಬೇಸಿನ ಪಿಕಪ್‌ನಲ್ಲಿ ಅಯಸ್ಕಾಂತ ಇದೆ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಅಲುಗಿದರೆ ಕಾಂತಕ್ಷೇತ್ರ ಬದಲಾಗಿ ಆ ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಮರದ ಅಲುಗಾಟ ಪಿಕಪ್‌ಗೆ ನೇರವಾಗಿ ಗೊತ್ತಾಗುವುದೇ ಇಲ್ಲ ಅನ್ನಬಹುದು. ಮರ ಏನಾದರೂ ಮಾಡುವುದಿದ್ದರೆ ತಂತಿ ಅಲುಗುವ ರೀತಿಯನ್ನು ಬದಲಿಸಿಯೇ ಮಾಡಬೇಕು.

ಅವನ ಬೇಸಿನಲ್ಲಿ ಆಗಿದ್ದು ಫೇಸ್ ತೊಂದರೆ. ಒಂದು ಪಿಕಪ್ ಸಿಗ್ನಲ್ಲನ್ನು ಮೇಲಕ್ಕೆ ಒಯ್ಯುವಾಗ ಇನ್ನೊಂದು ಕೆಳಕ್ಕೆ ಎಳೆಯುತ್ತಿತ್ತು. ಕೆಳದನಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಅದೇ ಮೊದಲು ಸಾಯುತ್ತದೆ. ಇದನ್ನು ನೋಡಲು ನಾನು ಹಳೆಯ ಮುಳ್ಳಿನ ಮಲ್ಟಿಮೀಟರ್ ಬಳಸುತ್ತೇನೆ. ಡಿಸಿಯ ಅತಿ ಕಡಿಮೆ ರೇಂಜ್‌ಗೆ ಇಟ್ಟು, ಪಿಕಪ್‌ನ ಎರಡು ವೈರಿಗೆ ಹಿಡಿದು, ಸ್ಕ್ರೂಡ್ರೈವರ್ ತುದಿಯನ್ನು ಪಿಕಪ್‌ನ ಅಯಸ್ಕಾಂತದ ಕಂಬಿಗೆ ಅಂಟಿಸಿ ಥಟ್ಟನೆ ಎಳೆಯಬೇಕು. ಮುಳ್ಳು ಒಂದು ಕಡೆ ಹಾರುತ್ತದೆ. ಎರಡೂ ಪಿಕಪ್‌ಗೆ ಅದು ಒಂದೇ ಕಡೆ ಹಾರಬೇಕು. ಅವನದರಲ್ಲಿ ಒಂದು ಬಲಕ್ಕೆ ಹಾರಿತು, ಇನ್ನೊಂದು ಎಡಕ್ಕೆ. ಹೊಸ ಪಿಕಪ್‌ನ ಎರಡು ವೈರ್ ಅದಲುಬದಲು ಮಾಡಿ ಸೋಲ್ಡರ್ ಹಾಕಿದೆ. ಎರಡೂ ವಾಲ್ಯೂಮ್ ತೆರೆದು ಅವನೇ ಇ ತಂತಿ ಮೀಟಿದ. ಕಿಟಕಿಯ ಗಾಜು ಅದುರಿತು.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಎರಡೂ ಪಿಕಪ್ ಪೂರ್ತಿ ಇಟ್ಟಾಗ ನಡುದನಿ ಸ್ವಲ್ಪ ತಗ್ಗುವುದು ಜಾಝ್ ಮಾದರಿಯ ಸ್ವಭಾವ, ಅದು ದೋಷ ಅಲ್ಲ. ಕೆಳದನಿಯೇ ಮಾಯವಾದರೆ ಮಾತ್ರ ಫೇಸ್ ನೋಡಿ. ಆಗ ಹಮ್ಮಿಂಗ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದು, ಏನಾಗುತ್ತಿದೆ ಅಂತಲೂ ಕೇಳಿಸಿಕೊಳ್ಳಿ. ಒಳ್ಳೆಯ ಜೋಡಿಯಲ್ಲಿ ಒಂದು ಪಿಕಪ್‌ನ ತಂತಿ ಸುತ್ತಿದ ದಿಕ್ಕೂ ಅಯಸ್ಕಾಂತವೂ ಇನ್ನೊಂದಕ್ಕೆ ಉಲ್ಟಾ ಇರುತ್ತವೆ. ಅದರಿಂದ ತಂತಿಯ ದನಿ ಕೂಡುತ್ತದೆ, ಹಮ್ಮಿಂಗ್ ಕಳೆಯುತ್ತದೆ. ದನಿ ತೆಳುವಾಗಿ ಹಮ್ಮಿಂಗೂ ಜಾಸ್ತಿ ಆಗಿದ್ದರೆ ವೈರ್ ಬದಲಿಸಿದರೆ ಎರಡೂ ಸರಿಹೋಗುತ್ತವೆ. ದನಿ ತೆಳುವಾಗಿದ್ದು ಹಮ್ಮಿಂಗ್ ಮಾತ್ರ ಕಡಿಮೆ ಇದ್ದರೆ ಆ ಎರಡು ಪಿಕಪ್ ಜೋಡಿಯೇ ಅಲ್ಲ. ಒಂದನ್ನು ಉಳಿಸಿಕೊಂಡರೆ ಇನ್ನೊಂದು ಹೋಗುತ್ತದೆ. ಈ ಹುಡುಗನ ಅದೃಷ್ಟಕ್ಕೆ ಮೊದಲನೆಯದಾಗಿತ್ತು.

ಹಮ್ಮಿಂಗ್ ಬಗ್ಗೆ ಇನ್ನೊಂದು ಮಾತು. ನಮ್ಮ ಕರೆಂಟ್ 50 ಹರ್ಟ್ಝ್. ಇ ತಂತಿಯ ಮೂರನೇ ಫ್ರೆಟ್‌ನ (ನೆಕ್ ಮೇಲಿನ ಅಡ್ಡಪಟ್ಟಿ, ವೀಣೆಯ ಮೆಟ್ಟಿಲಿನ ಹಾಗೆ) ಜಿ ಸ್ವರ 49 ಹರ್ಟ್ಝ್. ಹಮ್ಮಿಂಗ್ ಇರುವ ಬೇಸಿನಲ್ಲಿ ಆ ಜಿ ಹಿಡಿದು ಬಿಟ್ಟರೆ ದನಿ ಸುಮಾರು ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತದೆ. ತಂತಿ ಹಳೆಯದು, ನೆಕ್ ಸೊಟ್ಟ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಕಲ್ಯಾಣ ಮಂಟಪದಲ್ಲಿ ಡಿಮ್ಮರ್ ಲೈಟು ಹಾಕಿದಾಗ ಇದು ಇನ್ನೂ ಜೋರು. ಜಾಝ್ ಮಾದರಿಯವರು ಅಲ್ಲಿ ಎರಡೂ ವಾಲ್ಯೂಮ್ ಸಮ ಇಟ್ಟರೆ ಸಾಕು, ಬಹಳ ಕಡಿಮೆ ಆಗುತ್ತದೆ. ತಂತಿ ಮುಟ್ಟಿದರೆ ಶಾಕ್ ಹೊಡೆದರೆ ಮಾತ್ರ ತಕ್ಷಣ ನಿಲ್ಲಿಸಿ. ಅದು ಗಿಟಾರಿನ ವಿಷಯ ಅಲ್ಲ, ಸ್ಟೇಜಿನ ಅರ್ಥಿಂಗ್ ವಿಷಯ. ಸರಿಯಾದ ಅರ್ಥ್ ಸಿಗುವ ತನಕ ಪ್ಲಗ್ ಹಾಕಬೇಡಿ.

ಪಿಕಪ್ ಯಾವ ಕಂಪನಿಯದು ಅನ್ನುವುದಕ್ಕಿಂತ ಅದು ತಂತಿಯ ಕೆಳಗೆ ಎಲ್ಲಿ ಕೂತಿದೆ ಅನ್ನುವುದು ದೊಡ್ಡ ವಿಷಯ. ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್ ಹತ್ತಿರ ತಂತಿ ಹೆಚ್ಚು ಅಲುಗುವುದಿಲ್ಲ. ಅಲ್ಲಿ ಮೂಲ ಸ್ವರ ಕಡಿಮೆ, ಮೇಲಿನ ಹಾರ್ಮೋನಿಕ್ಸ್ ಎದ್ದು ಕಾಣುತ್ತವೆ. ನೆಕ್ ಕಡೆ ಸರಿದಷ್ಟೂ ದನಿ ದುಂಡಗಾಗುತ್ತದೆ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸ್ 1957ರಲ್ಲಿ ಎರಡು ತುಂಡಿನ ಪಿಕಪ್ ಪಡೆಯಿತು. ಆ ತುಂಡುಗಳು ಒಂದಕ್ಕೊಂದು ಉಲ್ಟಾ ಇರುವುದರಿಂದ ಒಂದೇ ಪಿಕಪ್ ಆದರೂ ಹಮ್ಮಿಂಗ್ ಇಲ್ಲ. 1960ರ ಜಾಝ್ ಬೇಸಿನಲ್ಲಿ ಎರಡು ಪಿಕಪ್ ಬಂದವು. ಇವತ್ತಿಗೂ ನಮ್ಮ ಅಂಗಡಿಗೆ ಬರುವ ಬಹುಪಾಲು ಬೇಸ್‌ಗಳು ಇವೆರಡರ ಮಕ್ಕಳು ಮೊಮ್ಮಕ್ಕಳೇ. ಹೊಸ ಪಿಕಪ್‌ಗೆ ದುಡ್ಡು ಹಾಕುವ ಮುಂಚೆ ಎತ್ತರ ಸರಿಮಾಡಿ ನೋಡಿ. ಕೊನೆಯ ಫ್ರೆಟ್ ಒತ್ತಿ ಹಿಡಿದು, ಕಂಬಿಗೂ ತಂತಿಗೂ 2ರಿಂದ 3 ಮಿಲಿಮೀಟರ್ ಇಟ್ಟು ಶುರು ಮಾಡಬಹುದು. ತೀರಾ ಹತ್ತಿರ ತಂದರೆ ಅಯಸ್ಕಾಂತವೇ ತಂತಿಯನ್ನು ಎಳೆದು ಸ್ವರ ಅಲ್ಲಾಡುತ್ತದೆ.

ವೈರಿಂಗ್‌ನಲ್ಲಿ ನಾನು ಹೆಚ್ಚು ನೋಡುವುದು ಪಾಟ್ ಎಷ್ಟು ಓಮ್‌ನದು ಅಂತ. ಪಾಟ್ ಅಂದರೆ ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ಭಾಗ. ಬ್ಯಾಟರಿ ಇಲ್ಲದ ಸಾಮಾನ್ಯ ಪ್ಯಾಸಿವ್ ಬೇಸಿಗೆ 250 ಕಿಲೋ ಓಮ್. ಬ್ಯಾಟರಿ ಹಾಕುವ ಆ್ಯಕ್ಟಿವ್ ಪಿಕಪ್‌ಗಳಿಗೆ 25 ಕಿಲೋ ಓಮ್ ಪಾಟ್ ಇರುತ್ತವೆ. ಒಮ್ಮೆ ಒಬ್ಬರ ಪ್ಯಾಸಿವ್ ಬೇಸಿಗೆ ಯಾರೋ ಈ 25ರ ಪಾಟ್ ಹಾಕಿಕೊಟ್ಟಿದ್ದರು. ಆ್ಯಂಪ್ ಮೇಲೆ ಕಂಬಳಿ ಹೊದಿಸಿದ ಹಾಗಿತ್ತು ಸೌಂಡ್. ಪಾಟ್ ಬದಲಿಸಿದ ಕೂಡಲೇ ಬೇಸ್ ಬಾಯಿಬಿಟ್ಟಿತು. ಟೋನ್ ಗುಂಡಿಯ ಕೆಪಾಸಿಟರ್ ಬಗ್ಗೆ ಮಾತ್ರ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. 0.047 ಮೈಕ್ರೋಫ್ಯಾರಡ್ ಇದ್ದರೆ ಸಾಕು. ಟೋನ್ ಪೂರ್ತಿ ತೆರೆದಿದ್ದಾಗ ಅದರ ಮೈಕ್ರೋಫ್ಯಾರಡ್ ಅಳತೆ ಬದಲಿಸಿದರೂ ವ್ಯತ್ಯಾಸ ಕೇಳುವುದು ಕಷ್ಟ, ಟೋನ್ ಇಳಿಸಿದಾಗಲೇ ಗೊತ್ತಾಗುವುದು. ಅದಕ್ಕಿಂತ ಕೇಬಲ್ ಉದ್ದ ನೋಡಿ. ಪ್ಯಾಸಿವ್ ಬೇಸಿಗೆ ಕೇಬಲ್ ಉದ್ದವಾದಷ್ಟೂ ಮೇಲಿನ ದನಿ ತಿನ್ನುತ್ತದೆ.

ಹಾಗಾದರೆ ಮರಕ್ಕೆ ಏನೂ ಬೆಲೆ ಇಲ್ಲವಾ? ಇದೆ. ಬಾಡಿಯ ಮರ ತೂಕ ಹೇಳುತ್ತದೆ. ಮೂರು ಗಂಟೆ ನಿಂತು ನುಡಿಸುವವನ ಹೆಗಲಿಗೆ ಅದು ಸಣ್ಣ ವಿಷಯ ಅಲ್ಲ. ಆದರೆ ದನಿಯಲ್ಲಿ ಮರದ ಕೆಲಸ ಎದ್ದು ಕೇಳುವುದು ನೆಕ್‌ನಲ್ಲಿ. ಉದ್ದನೆಯ, ತೆಳ್ಳನೆಯ ನೆಕ್‌ಗೆ ತನ್ನದೇ ಅಲುಗಾಟ ಇರುತ್ತದೆ. ಯಾವುದಾದರೂ ಸ್ವರ ಅದಕ್ಕೆ ತಾಳೆಯಾದರೆ ತಂತಿಯ ಶಕ್ತಿಯನ್ನು ನೆಕ್ ಹೀರಿಕೊಳ್ಳುತ್ತದೆ, ಸ್ವರ ಬೇಗ ಸಾಯುತ್ತದೆ. ಇದಕ್ಕೆ ಡೆಡ್ ಸ್ಪಾಟ್ ಅನ್ನುತ್ತಾರೆ. ಹೆಚ್ಚಾಗಿ ಜಿ ತಂತಿಯ 5ರಿಂದ 7ನೇ ಫ್ರೆಟ್ ನಡುವೆ ಇರುತ್ತದೆ.

ಈ ಹುಡುಗನ ಹಳೆಯ ನೆಕ್‌ನಲ್ಲೂ ಅದು ಸಿಕ್ಕಿತು, 5ನೇ ಫ್ರೆಟ್‌ನ ಸಿ ಸ್ವರದಲ್ಲಿ. ಅಕ್ಕಪಕ್ಕದ ಸ್ವರಗಳು ಹಾಡುತ್ತಿದ್ದರೆ ಇದು ಠುಸ್ ಅಂತ ಕೂರುತ್ತಿತ್ತು. ನೆಕ್‌ನ ತುದಿಯ ಹೆಡ್‌ಸ್ಟಾಕ್‌ಗೆ ಒಂದು ಸಣ್ಣ ಸಿ ಕ್ಲ್ಯಾಂಪ್ ಬಿಗಿದು ತೋರಿಸಿದೆ. ತುದಿಯ ತೂಕ ಹೆಚ್ಚಾದ ಕೂಡಲೇ ಡೆಡ್ ಸ್ಪಾಟ್ ಒಂದು ಫ್ರೆಟ್ ಕೆಳಗೆ ಸರಿಯಿತು. ಸಿ ಎದ್ದು ನಿಂತಿತು, ಪಕ್ಕದ ಬಿ ಮಂಕಾಯಿತು. "ಹೊಸ ನೆಕ್ ಹಾಕ್ಬೇಕಾ ಅಣ್ಣ?" ಅಂದ. ಸದ್ಯಕ್ಕೆ ಬೇಡ ಅಂದೆ. ಅದೇ ಸಿ ಸ್ವರ, ಡಿ ತಂತಿಯ 10ನೇ ಫ್ರೆಟ್‌ನಲ್ಲಿ ತುಂಬಿಕೊಂಡು ಬರುತ್ತದೆ, ನಿಧಾನದ ಹಾಡುಗಳಲ್ಲಿ ಅಲ್ಲೇ ಹಿಡಿ ಅಂತ ತೋರಿಸಿಕೊಟ್ಟೆ. ಮಳೆಗಾಲ ಶುರುವಾದರೆ ತೇವಕ್ಕೆ ನೆಕ್ ಹೇಗೂ ಬಾಗುತ್ತದೆ, ನೆಕ್ ಒಳಗೆ ಬಾಗು ಸರಿಮಾಡಲು ಇರುವ ಟ್ರಸ್ ರಾಡ್ ಮುಟ್ಟಲೇಬೇಕು. ದಸರಾ ಕಳೆದು ಹವೆ ಒಣಗಿದ ಮೇಲೆ ತಾ, ನೆಕ್ ವಿಷಯ ಆಗ ನೋಡೋಣ ಅಂತ ಹೇಳಿ ಕಳಿಸಿದ್ದೇನೆ. ಹಲಸಿನ ಬಾಡಿ ಹಾಗೇ ಇದೆ.