ತಪ್ಪು ಲಾಕಿನದ್ದಲ್ಲ
ನಮ್ಮ ಮಲಗುವ ಕೋಣೆಯ ಕಿಟಕಿ ಡಬಲ್ ಹಂಗ್. ಅಂದರೆ ಬಾಗಿಲಿನ ಹಾಗೆ ತೆರೆಯುವುದಲ್ಲ, ಗಾಜಿನ ಎರಡು ಹಲಗೆಗಳು ಹಿಂದೆ ಮುಂದೆ ನಿಂತು ಮೇಲಕ್ಕೂ ಕೆಳಕ್ಕೂ ಜಾರುತ್ತವೆ. ಎರಡೂ ಸೇರುವ ಅಡ್ಡಪಟ್ಟಿಯಲ್ಲಿ ಒಂದು ಪುಟ್ಟ ಲಾಕ್. ಕೆಳಗಿನ ಹಲಗೆಯಲ್ಲಿ ತಿರುಗುವ ಹಿಡಿ, ಮೇಲಿನದರಲ್ಲಿ ಅದು ಹೋಗಿ ಸಿಕ್ಕಿಕೊಳ್ಳುವ ಕೊಕ್ಕೆ. ಆರು ತಿಂಗಳಿಂದ ಇದು ಸರಿಯಾಗಿ ಕೂರುತ್ತಲೇ ಇರಲಿಲ್ಲ. ಒತ್ತಿ, ತಿರುಚಿ, ಬೈದು ಹಾಕುತ್ತಿದ್ದೆವು. ಒಂದು ದಿನ ಹಿಡಿ ಕಿತ್ತು ಕೈಗೇ ಬಂತು.

ಹೊಸ ಲಾಕ್ ತಂದೆ. ಸೇರಲಿಲ್ಲ! ನಾನು ಅಳೆದದ್ದು ಲಾಕಿನ ಒಟ್ಟು ಉದ್ದವನ್ನು. ಅಳೆಯಬೇಕಾದದ್ದು ಒಂದು ಸ್ಕ್ರೂ ತೂತಿನ ನಡುವಿನಿಂದ ಇನ್ನೊಂದರ ನಡುವಿಗೆ. ಅದು ಎರಡು ಮಿಲಿಮೀಟರ್ ಆಚೀಚೆ ಆದರೂ ಕಷ್ಟ, ಯಾಕೆಂದರೆ ಹಳೇ ತೂತಿನ ಪಕ್ಕದಲ್ಲೇ ಹೊಸದು ಕೊರೆಯಲು ಹೋದರೆ ಡ್ರಿಲ್ ಬಿಟ್ ಜಾರಿ ಹಳೆಯದರೊಳಗೇ ಹೋಗಿ ಕೂರುತ್ತದೆ. ಸುಮ್ನೆ ಹಳೇ ಲಾಕನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ. ಕೊಕ್ಕೆಯನ್ನೂ ಒಯ್ಯಿರಿ, ಅದರ ಎತ್ತರವೂ ಹೊಂದಬೇಕು.

ಬಿಚ್ಚುವ ಕೆಲಸ ಒಂದು ತಾಳ್ಮೆ ಪರೀಕ್ಷೆ. ವರ್ಷಗಟ್ಟಲೆ ಬಳಿದ ಬಣ್ಣದಲ್ಲಿ ಸ್ಕ್ರೂ ತಲೆಗಳು ಮುಚ್ಚಿಹೋಗಿದ್ದವು. ಲಾಕಿನ ಅಂಚಿಗೆ ಚಾಕುವಿನಿಂದ ಗೀರಿ, ಸ್ಕ್ರೂ ತಲೆಯ ಸೀಳನ್ನು ಕೆರೆದು ಸ್ವಚ್ಛ ಮಾಡಿಕೊಂಡರೆ ಮಾತ್ರ ಸ್ಕ್ರೂಡ್ರೈವರ್ ಹಿಡಿತ ಸಿಗುತ್ತದೆ. ತೂತುಗಳು ಸಡಿಲವಾಗಿದ್ದರೆ ಮರದ ಅಂಟಿನಲ್ಲಿ ಅದ್ದಿದ ಬೆಂಕಿಕಡ್ಡಿಗಳನ್ನು ಬಿಗಿಯಾಗಿ ತುರುಕಿ, ಒಣಗಿದ ಮೇಲೆ ಕತ್ತರಿಸಿ, ಅಲ್ಲೇ ಸಣ್ಣ ತೂತು ಕೊರೆಯಿರಿ. ಹಿತ್ತಾಳೆ ಸ್ಕ್ರೂ ಮೆತ್ತಗಿರುತ್ತದೆ, ನಾನು ಜೋರಾಗಿ ತಿರುಗಿಸಿ ಒಂದರ ತಲೆ ಮುರಿದೆ. ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ತೆಗೆದು, ಆಮೇಲೆ ಹಿತ್ತಾಳೆಯದಕ್ಕೆ ಸ್ವಲ್ಪ ಮೇಣ ಸವರಿದರೆ ಸಲೀಸಾಗಿ ಇಳಿಯುತ್ತದೆ. ಪಿವಿಸಿ ಕಿಟಕಿಯಾದರೆ ಉದ್ದದ ಸ್ಕ್ರೂ ಬೇಡ, ಒಳಗೆ ಗಾಜಿನ ಅಂಚು ಇರುತ್ತದೆ.

ಇಷ್ಟೆಲ್ಲ ಮಾಡಿ ಹೊಸ ಲಾಕ್ ಹಾಕಿದೆ. ತಿರುಗಿಸಿದರೆ ಅದೇ ಗೋಳು, ಅರ್ಧಕ್ಕೇ ನಿಂತಿತು.

ಆಗ ಕೆಳಗೆ ಕೂತು ಕಿಟಕಿಯನ್ನು ನೆಟ್ಟಗೆ ನೋಡಿದೆ. ಮೇಲಿನ ಹಲಗೆ ಒಂದು ಕಡೆ ನಾಲ್ಕು ಮಿಲಿಮೀಟರ್‌ನಷ್ಟು ಕೆಳಗೆ ಕುಸಿದಿತ್ತು! ಹಳೇ ಕಿಟಕಿಗಳಲ್ಲಿ ಹಲಗೆಯ ಎರಡೂ ಬದಿಗೆ ಹಗ್ಗ ಇರುತ್ತದೆ. ಅದು ರಾಟೆಯ ಮೇಲಿಂದ ಹೋಗಿ, ಚೌಕಟ್ಟಿನೊಳಗೆ ಅಡಗಿರುವ ಕಬ್ಬಿಣದ ತೂಕಕ್ಕೆ ಕಟ್ಟಿಕೊಂಡಿರುತ್ತದೆ. ನಮ್ಮಲ್ಲಿ ಒಂದು ಬದಿಯ ಹಗ್ಗ ಹರಿದಿತ್ತು. ಅಂದರೆ ಇಷ್ಟು ದಿನ ಆ ಬದಿಯ ಭಾರವನ್ನೆಲ್ಲ ಹೊತ್ತಿದ್ದು ಪಾಪ ಆ ಲಾಕ್. ಮುರಿಯದೆ ಇನ್ನೇನು ಮಾಡೀತು, ಅಲ್ವಾ? ಅಂಗೈಯಿಂದ ಹಲಗೆಯನ್ನು ಮೇಲೆತ್ತಿದೆ, ಲಾಕ್ ಒಂದೇ ಬೆರಳಿಗೆ ತಿರುಗಿತು. ಹಗ್ಗ ಬದಲಿಸುವುದು ದೊಡ್ಡ ಕೆಲಸ, ಮುಂದೆ ನೋಡೋಣ. ಸದ್ಯಕ್ಕೆ ಹಲಗೆಯ ಕೆಳಗೆ ಒಂದು ಸಣ್ಣ ಮರದ ತುಂಡನ್ನು ಚೌಕಟ್ಟಿಗೆ ಸ್ಕ್ರೂ ಮಾಡಿ ಆಸರೆ ಕೊಟ್ಟಿದ್ದೇನೆ.

ಹೊಸ ಲಾಕಿನಿಂದ ಗಾಳಿಗೆ ಕಿಟಕಿ ಗಡಗಡ ಅನ್ನುವುದು ನಿಂತಿದೆ. ಎರಡು ಹಲಗೆಗಳನ್ನು ಬಿಗಿಯಾಗಿ ಎಳೆದು ಹಿಡಿಯುವುದೇ ಅದರ ಮುಖ್ಯ ಕೆಲಸ. ಕಳ್ಳರ ವಿಷಯಕ್ಕೆ ಇದನ್ನೊಂದೇ ನಂಬಬೇಡಿ, ಹಳೇ ಮಾದರಿಯದನ್ನು ಹೊರಗಿನಿಂದ ತೆಳ್ಳಗಿನ ಚಾಕು ತೂರಿಸಿ ತಳ್ಳಬಹುದು. ನೆಲಮಹಡಿಯ ಕಿಟಕಿಗೆ ನಾನು ಒಳಹಲಗೆಯ ಮರದ ಅಂಚಿನ ಮೂಲಕ ಹೊರಹಲಗೆಯ ಮರದ ಅರ್ಧ ದಪ್ಪದವರೆಗೆ ಸ್ವಲ್ಪ ಕೆಳಮುಖವಾಗಿ ತೂತು ಕೊರೆದು ಒಂದು ಮೊಳೆ ಇಳಿಬಿಟ್ಟಿದ್ದೇನೆ. ಕೈಯಿಂದಲೇ ಎಳೆದರೆ ಬರುವ ಹಾಗಿರಲಿ. ಬೆಂಕಿ ಬಿದ್ದರೆ ಅದೇ ದಾರಿ ತಾನೇ?

ಪಕ್ಕದ ಕೋಣೆಯ ಕಿಟಕಿಗೂ ಇದೇ ಕಾಯಿಲೆ ಎಂದು ಇನ್ನೊಂದು ಲಾಕ್ ತಂದಿಟ್ಟಿದ್ದೆ. ನಿನ್ನೆ ಡಬ್ಬಿ ಬಿಚ್ಚುವ ಮೊದಲು ಮೇಲಿನ ಹಲಗೆಯನ್ನು ಒಮ್ಮೆ ಎತ್ತಿ ನೋಡಿದೆ. ಹಳೇ ಲಾಕ್ ಟಕ್ ಎಂದು ಕೂತಿತು. ಹೊಸದು ಡಬ್ಬಿಯಲ್ಲೇ ಇದೆ.